ತಲೆಗೆ ಹತ್ತು ಗ್ಯಾಲನ್

ಹೊನೋರಾ ಟೂಹಿ ಬಾಗಿಲು ತೆಗೆದರು. ಆದರೆ ಅರ್ಧ ಮಾತ್ರ.

"ಡೀಲಿಯಾ! ಏನೇ ಇದು, ಕೌಂಟರ್ ಬಿಟ್ಟು ಇಷ್ಟು ದೂರ?"

"ಹೊಸ ಬಿಸಿನೀರಿನ ಸಿಲಿಂಡರ್ ಹೇಗಿದೆ ಅಂತ ನೋಡ್ಕೊಂಡು ಹೋಗೋಣ ಅಂತ ಬಂದೆ, ಮಿಸ್ ಟೂಹಿ."

"ಹೇಗಿರುತ್ತೆ? ನೀರು ಕಾಯಿಸುತ್ತೆ. ಇನ್ನೇನು, ಹಾಡು ಹೇಳಬೇಕಿತ್ತಾ?"

ಮಾತು ಎಂದಿನಂತೆ ಖಾರವಾಗಿಯೇ ಇತ್ತು. ಕೈ ಮಾತ್ರ ಬಾಗಿಲಿನ ಹಿಡಿಯನ್ನು ಬಿಡಲಿಲ್ಲ. ಎಪ್ಪತ್ತೆರಡು ವರ್ಷದ ಸೂಲಗಿತ್ತಿ; ಕಿಲ್‌ಬ್ರಾನಿನ ಅರ್ಧ ಊರು ಹುಟ್ಟಿದ್ದು ಆ ಕೈಯಲ್ಲೇ. ಮದುವೆಯಾಗಲಿಲ್ಲ. ಊರ ಹೊರಗಿನ ಈ ಮನೆಯಲ್ಲಿ ಮೂವತ್ತು ವರ್ಷದಿಂದ ಒಬ್ಬರೇ ಇದ್ದಾರೆ ಎಂದು ಊರೆಲ್ಲ ನಂಬಿದೆ. ಇವತ್ತು ಬೆಳಿಗ್ಗೆಯವರೆಗೆ ನಾನೂ ನಂಬಿದ್ದೆ.

ಅವರ ಕಣ್ಣು ನನ್ನ ಭುಜದಾಚೆ ಗೇಟಿನ ಕಡೆ ಹೋಯಿತು. ನನ್ನನ್ನು ಇಳಿಸಿದ ಕಾರು ಆಗ ತಾನೇ ತಿರುಗುತ್ತಿತ್ತು.

"ಅದು ಸಾರ್ಜೆಂಟ್ ಅಲ್ವಾ?"

"ಹೌದು, ನಮ್ಮ ಫಿಂಟನ್. ಆರು ಗಂಟೆಗೆ ಬಂದು ಕರ್ಕೊಂಡು ಹೋಗ್ತಾನೆ."

ಕಾರಿನ ಸದ್ದು ಪೂರ್ತಿ ಅಡಗುವವರೆಗೆ ಅವರು ಕದಲಲಿಲ್ಲ. ಆಮೇಲೆ ನನ್ನನ್ನು ಒಳಗೆ ಬಿಟ್ಟುಕೊಂಡು ಅಗುಳಿ ಹಾಕಿದರು. ಸಂಜೆ ಐದೂ ಕಾಲು, ಹೊರಗೆ ಏಪ್ರಿಲ್ ತಿಂಗಳ ಒಳ್ಳೆ ಬೆಳಕು. ನಮ್ಮೂರಲ್ಲಿ ಹಗಲು ಹೊತ್ತು ಅಗುಳಿ ಹಾಕುವವರನ್ನು ನಾನು ಕಂಡಿಲ್ಲ.

ನನ್ನ ಬಳಿ ಇದ್ದದ್ದು ಮುಕ್ಕಾಲು ಗಂಟೆ.

ಹನ್ನೆರಡು ದಿನದ ಹಿಂದೆ ದನದ ವ್ಯಾಪಾರಿ ಡೋನಲ್ ಗಾಹನ್‌ನ ಹೆಂಡತಿ ಕಾರ್ಮೆಲ್, ಒಂದೂವರೆ ವರ್ಷದ ಮಗನ ಸಮೇತ ಕಾಣೆಯಾಗಿದ್ದಳು. ಅವಳ ಕೋಟು ಸರೋವರದ ದಂಡೆಯಲ್ಲಿ ಸಿಕ್ಕಿತು. ಅವಳ ರಕ್ತ ಸಿಕ್ಕಿದ್ದು ಪ್ಲಂಬರ್ ಮ್ಯಾಲಕಿ ರುವಾನ್‌ನ ವ್ಯಾನಿನ ಸೀಟಿನ ಮೇಲೆ. ಎರಡು ದಿನದಿಂದ ಮ್ಯಾಲಕಿ ಲಾಕಪ್ಪಿನಲ್ಲಿದ್ದಾನೆ, ಒಂದು ಮಾತೂ ಆಡುತ್ತಿಲ್ಲ. ನಾಳೆ ಬೆಳಿಗ್ಗೆ ಕೊಲೆ ಆರೋಪ ಹೊರಿಸಿ ಅವನನ್ನು ಜಿಲ್ಲಾ ಕೋರ್ಟಿಗೆ ಒಯ್ಯುತ್ತಾರೆ.

ಹಾರ್ಕಿನ್ ಕಟ್ಟಡ ಸಾಮಗ್ರಿ ಅಂಗಡಿಯ ಕೌಂಟರಿನಲ್ಲಿ ನಾನು ನಿಂತು ಮೂವತ್ತೊಂದು ವರ್ಷ. ಅಷ್ಟೂ ವರ್ಷ ಮ್ಯಾಲಕಿ ನನ್ನೆದುರು ಬಂದು ನಿಂತಿದ್ದಾನೆ, ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು. ಅವನು ನನಗೆ ಏನೂ ಆಗಬೇಕಾಗಿಲ್ಲ. ಆದರೂ ಅವನಿಲ್ಲದ ಆ ಎರಡು ಬೆಳಿಗ್ಗೆ ನನಗೆ ಚಹಾ ಇಳಿಯಲಿಲ್ಲ. ಇಷ್ಟು ವಯಸ್ಸಾದ ಮೇಲೆ ಮುಚ್ಚಿಡುವುದು ಏನಿದೆ, ಅವನು ನನಗೆ ಬೇಕು.

ಕಾರಿನಲ್ಲಿ ಫಿಂಟನ್ ಹೇಳಿದ್ದ: "ಅತ್ತೆ, ಆ ಹೆಂಗಸು ಬದುಕಿದ್ದಾಳೆ ಅನ್ನೋಕೆ ಒಂದು ಸಾಕ್ಷಿ ತನ್ನಿ. ಮ್ಯಾಲಕಿನ ನಾನೇ ಮನೆಗೆ ಬಿಟ್ಟು ಬರ್ತೀನಿ. ಇವತ್ತು ರಾತ್ರಿಯೊಳಗೆ ಮಾತ್ರ. ನಾಳೆ ನನ್ನ ಕೈ ಮೀರಿ ಹೋಗುತ್ತೆ."

ಫಿಂಟನ್ ನನ್ನ ತಮ್ಮನ ಮಗ, ನಮ್ಮೂರ ಪೊಲೀಸ್ ಸಾರ್ಜೆಂಟ್. ಏಳನೇ ವಯಸ್ಸಿನಿಂದ ನಾನೇ ಸಾಕಿದವನು. ಅವನ ಅಂಗಿಯ ಕಾಲರ್ ಮುದುಡಿತ್ತು, ಗದ್ದದ ಮೇಲೆ ಕ್ಷೌರದ ಗಾಯ.

"ತಣ್ಣೀರಲ್ಲೇ ಕ್ಷೌರ ಮಾಡ್ಕೊಂಡ್ಯಾ? ಡಿಂಪ್ನಾ ಇನ್ನೂ ಬಂದಿಲ್ವಾ?"

"ಅವಳಮ್ಮನಿಗೆ ಹುಷಾರಾಗೋವರೆಗೂ ಗಾಲ್ವೇಲೇ ಇರ್ತಾಳೆ. ಮೂರು ವಾರ ಆಯ್ತು. ಆ ಹೀಟರ್ ಸ್ವಿಚ್ ಎಲ್ಲಿದೆ ಅಂತಾನೇ ನಂಗೆ ಗೊತ್ತಿಲ್ಲ, ಅತ್ತೆ."

ಹೆಂಡತಿ ಇಲ್ಲದ ಗಂಡಸು ಮೂರೇ ವಾರಕ್ಕೆ ಹೀಗಾಗುತ್ತಾನಲ್ಲ ಎಂದು ನನಗೆ ನಗು ಬಂತು. ಈ ಮನೆಗೆ ಏಕೆ ಹೊರಟಿದ್ದೇನೆ ಎಂದು ಪೂರ್ತಿ ಹೇಳಲಿಲ್ಲ. ಟೂಹಿಯವರ ಟ್ಯಾಂಕ್ ಸೋರುತ್ತಿದೆಯಂತೆ ಎಂದೆ. ಅಳತೆ ಖಚಿತವಾಗದೆ ಬಾಯಿಬಿಡಬಾರದು ಎನ್ನುವುದು ಕೌಂಟರಿನ ಅಭ್ಯಾಸ.

"ಚಹಾ ಕುಡೀತೀಯಾ?" ಹೊನೋರಾ ಕೆಟಲ್ ಎತ್ತಿಕೊಂಡು ಅಡುಗೆಮನೆಯ ನಲ್ಲಿ ತಿರುಗಿಸಿದರು.

"ಕುಡೀತೀನಿ. ಅಷ್ಟರಲ್ಲಿ ಒಂದು ಮಾತು. ಇದು ನೋಡಿ."

ಕೈಚೀಲದಿಂದ ಚೀಟಿ ತೆಗೆದು ಮೇಜಿನ ಮೇಲಿಟ್ಟೆ. ಒಂಬತ್ತು ದಿನದ ಹಿಂದಿನದು, ಮ್ಯಾಲಕಿಯ ಕೈಬರಹ. ಮೂರೇ ಸಾಲು. ಟೂಹಿ. ಸಿಲಿಂಡರ್ ೪೦. ಟ್ಯಾಂಕ್ ೬೦.

"ಹಳೇದು ತಳ ತೂತಾಗಿತ್ತು. ಹೊಸದು ತರಿಸಿದೆ. ಅದಕ್ಕೇನೀಗ?"

"ಹಳೇದು ಹದಿನೈದು ಗ್ಯಾಲನ್‌ದು. ನಾನೇ ಕೊಟ್ಟಿದ್ದೆ."

"ವಯಸ್ಸಾಯ್ತು ಕಣೇ. ಮೊಣಕಾಲು ನೋವು. ಬಿಸಿನೀರಲ್ಲಿ ಕೂತ್ಕೋ ಅಂದ್ರು ಡಾಕ್ಟ್ರು."

"ಮಿಸ್ ಟೂಹಿ, ನಲವತ್ತು ಗ್ಯಾಲನ್ ಬೇಕಾಗೋಕೆ ನಿಮಗೆ ಎಂಟು ಮೊಣಕಾಲು ಇರಬೇಕು."

ಅವರಿಗೆ ನಗು ಬಂದು ತುಟಿಯ ತುದಿಗೇ ನಿಂತಿತು.

ಸಿಲಿಂಡರ್ ಆರಿಸುವಾಗ ಜನ ಮಾಡುವಷ್ಟು ತಪ್ಪನ್ನು ಗಂಡನನ್ನು ಆರಿಸುವಾಗಲೂ ಮಾಡುವುದಿಲ್ಲ ಎಂದು ನಾನು ತಮಾಷೆಗೆ ಹೇಳುವುದುಂಟು. ಗಂಡ ಹೆಂಡತಿ ಇಬ್ಬರೇ ಇರುವವರು ಜಂಬಕ್ಕೆ ಅರವತ್ತು ಗ್ಯಾಲನ್‌ದು ಹೊತ್ತೊಯ್ಯುತ್ತಾರೆ. ಎಂಟು ಮಕ್ಕಳಿರುವವರು ಇಪ್ಪತ್ತರದ್ದು ಸಾಕು ಎನ್ನುತ್ತಾರೆ, ಶನಿವಾರ ಸಂಜೆ ಕೊನೆಯ ಮಗು ಮಂಜಿನಂಥ ನೀರಿನಲ್ಲಿ ಕೂತು ಅಳುತ್ತದೆ. ಮ್ಯಾಲಕಿ ಮಾತ್ರ ಒಂದು ದಿನವೂ ತಪ್ಪಲಿಲ್ಲ. ಅವನ ಲೆಕ್ಕ ಒಂದೇ. ತಲೆಗೆ ಹತ್ತು ಗ್ಯಾಲನ್ ಬಿಸಿನೀರು. ಮಗು ಇದ್ದರೆ ಅದಕ್ಕೂ ಪೂರ್ತಿ ಹತ್ತು, ಬಟ್ಟೆ ಒಗೆಯುವುದಿರುತ್ತದಲ್ಲ. ಅಟ್ಟದ ಮೇಲಿನ ತಣ್ಣೀರಿನ ಟ್ಯಾಂಕ್ ಅದರ ಒಂದೂವರೆ ಪಟ್ಟು, ಏಕೆಂದರೆ ಮೇಲಿನಿಂದ ತಣ್ಣೀರು ಒತ್ತಿದರೆ ತಾನೇ ಕೆಳಗೆ ಬಿಸಿನೀರು ಬರುವುದು. ಯಾರು ಎಷ್ಟೇ ಗೋಗರೆದರೂ ಒಂದು ಗ್ಯಾಲನ್ ಹೆಚ್ಚು ಬರೆಯುವವನಲ್ಲ.

ಅಂಥವನು ಒಂಟಿ ಮುದುಕಿಯ ಮನೆಗೆ ನಲವತ್ತು ಎಂದು ಬರೆದಿದ್ದ. ನಾನು ಆ ಚೀಟಿಯನ್ನು ಕೈಯಾರೆ ತೆಗೆದುಕೊಂಡು ಕೌಂಟರಿನ ಚುಚ್ಚುಮೊಳೆಗೆ ಸಿಕ್ಕಿಸಿದ್ದೆ. ಮೂವತ್ತೊಂದು ವರ್ಷ ಅಳತೆ ಓದಿ ಓದಿ, ಮೇಲಿನ ಹೆಸರು ಓದುವುದನ್ನೇ ಬಿಟ್ಟಿದ್ದೆ. ಇವತ್ತು ಬೆಳಿಗ್ಗೆ ಅವನ ಕೈಬರಹ ನೋಡಬೇಕೆನಿಸಿ ಆ ಚೀಟಿಗಳನ್ನು ತಿರುವಿಹಾಕದಿದ್ದರೆ ಇವತ್ತಿಗೂ ಗೊತ್ತಾಗುತ್ತಿರಲಿಲ್ಲ.

"ಸಿಲಿಂಡರ್ ನೋಡಬಹುದಾ?"

"ಬೇಡ."

"ಮಿಸ್ ಟೂಹಿ, ನಾಳೆ ಮ್ಯಾಲಕಿನ ಕೋರ್ಟಿಗೆ ಕರ್ಕೊಂಡು ಹೋಗ್ತಾರೆ."

ಅವರು ಕೆಟಲನ್ನು ಒಲೆಯ ಮೇಲಿಟ್ಟರು, ಬೆನ್ನು ನನ್ನ ಕಡೆಗಿತ್ತು. ಬೇಡ ಎಂದು ಎರಡನೇ ಸಲ ಹೇಳಲಿಲ್ಲ. ನಾನು ಎದ್ದು ಹಜಾರಕ್ಕೆ ಹೋಗಿ, ಮೆಟ್ಟಿಲ ಬದಿಯಲ್ಲಿ ಸಿಲಿಂಡರ್ ಇಡುವ ಬಿಸಿ ಕಪಾಟನ್ನು ತೆರೆದೆ.

ಹೊಸ ತಾಮ್ರದ ಸಿಲಿಂಡರ್ ಕೆಂಪು ಹೊದಿಕೆ ಸುತ್ತಿಕೊಂಡು ನಿಂತಿತ್ತು. ಮೇಲಿನ ಹಲಗೆಗಳ ಮೇಲೆ ಒಗೆದ ಬಟ್ಟೆ ಬೆಚ್ಚಗೆ ಒಣಗುತ್ತಿತ್ತು. ಎದುರಿಗೆ ಮುದುಕಿಯ ದಪ್ಪ ಉಣ್ಣೆ ಕಾಲುಚೀಲ, ದಿಂಬಿನ ಚೀಲ. ಅವುಗಳ ಹಿಂದೆ ಕೈ ಹಾಕಿದೆ. ನನ್ನ ಅಂಗೈಯಷ್ಟೇ ಅಗಲದ ಒಂದು ಬನಿಯನ್ ಸಿಕ್ಕಿತು. ಕೆಳಗೆ ಇನ್ನೂ ಆರು.

ಬಾಗಿಲಿನ ಒಳಗೆ ಹೀಟರ್ ಸ್ವಿಚ್. ಅದಕ್ಕೆ ಎರಡು ಕಡೆ: 'ಸಿಂಕ್' ಎಂದು ಒತ್ತಿದರೆ ಸಿಲಿಂಡರಿನ ನೆತ್ತಿ ಮಾತ್ರ ಕಾಯುತ್ತದೆ, ಪಾತ್ರೆ ತೊಳೆಯಲು ಸಾಕು. 'ಬಾತ್' ಎಂದು ಒತ್ತಿದರೆ ತಳದವರೆಗೆ. 'ಬಾತ್' ಹಾಕಿ ಆರಿಸಲು ಮರೆತವರು ನಮ್ಮೂರಲ್ಲಿ ಪಾದ್ರಿಯ ಮುಂದೆ ಪಾಪ ಹೇಳಿಕೊಳ್ಳುವಾಗ ಅದನ್ನೂ ಸೇರಿಸುತ್ತಾರೆ. ಹೊನೋರಾ ಟೂಹಿ ಮೂವತ್ತು ವರ್ಷದಲ್ಲಿ 'ಸಿಂಕ್' ದಾಟಿದವರಲ್ಲ, ಅದನ್ನು ಅವರೇ ಹೆಮ್ಮೆಯಿಂದ ಹೇಳಿಕೊಂಡದ್ದನ್ನು ನಾನು ಕೇಳಿದ್ದೇನೆ.

ಸ್ವಿಚ್ 'ಬಾತ್' ಕಡೆಗಿತ್ತು. ಕೆಂಪು ದೀಪ ಉರಿಯುತ್ತಿತ್ತು.

ಆಗಲೇ ಅಡುಗೆಮನೆಯ ಹಿಂದಿನ ಕೋಣೆಯಿಂದ ಕೆಮ್ಮು ಕೇಳಿಸಿತು. ನಾಯಿಕೆಮ್ಮು. ಕೊನೆಯಲ್ಲಿ ಉಸಿರು ಎಳೆದುಕೊಳ್ಳುವ ಆ ಕೂಗು ಒಮ್ಮೆ ಕೇಳಿದವರು ಮರೆಯುವುದಿಲ್ಲ. ಮುದುಕಿಯರು ಹಾಗೆ ಕೆಮ್ಮುವುದಿಲ್ಲ.

ನಾನು ಬನಿಯನ್ ಹಿಡಿದುಕೊಂಡೇ ಅಡುಗೆಮನೆಗೆ ಬಂದೆ. "ಹೊರಗೆ ಬಾರಮ್ಮ, ಕಾರ್ಮೆಲ್. ನಾನು ಡೀಲಿಯಾ. ಅಂಗಡಿ ಡೀಲಿಯಾ."

ಬಾಗಿಲು ಮೆಲ್ಲಗೆ ತೆರೆಯಿತು. ಸೊಂಟದ ಮೇಲೆ ಮಗು, ಬರಿಗಾಲು. ಎಡಗಣ್ಣಿನ ಸುತ್ತ ಪೆಟ್ಟಿನ ಗುರುತು ಹಳದಿಗೆ ತಿರುಗಿತ್ತು. ಅವಳು ಬದುಕಿರುವುದನ್ನು ನೋಡಿ ನನಗೆ ಕುಣಿಯುವಷ್ಟು ಸಂತೋಷವಾಯಿತು, ಆ ಕಣ್ಣು ನೋಡಿ ಅಳುವೂ ಬಂತು. ಎರಡನ್ನೂ ನುಂಗಿಕೊಂಡು ಕುರ್ಚಿ ಎಳೆದುಕೊಟ್ಟೆ.

"ಡೀಲಿಯಕ್ಕ, ಅವರಿಗೆ ಹೇಳ್ತೀರಾ?"

"ಯಾರಿಗೆ ಏನು ಹೇಳಬೇಕು ಅಂತ ಆಮೇಲೆ ನೋಡೋಣ. ಮೊದಲು ನೀನು ಹೇಳು. ಆ ರಕ್ತ?"

"ನನ್ನ ಮೂಗಿಂದು. ಆ ದಿನ ಡೋನಲ್ ನಮ್ಮ ಮಗು ಎಂಡಾನ ಮುಂದೇನೇ ಹೊಡೆದ. ಮಗು ಎತ್ಕೊಂಡು ರಸ್ತೆಗೆ ಓಡಿದೆ. ಮ್ಯಾಲಕಿ ವ್ಯಾನ್ ಬರ್ತಾ ಇತ್ತು. ಏನೂ ಕೇಳಲಿಲ್ಲ ಆ ಮನುಷ್ಯ. 'ಹತ್ತಮ್ಮ' ಅಂದ, ಸೀಟಿನ ಮೇಲಿದ್ದ ಪೈಪೆಲ್ಲ ಹಿಂದಕ್ಕೆ ಎಸೆದ, ನೇರ ಇಲ್ಲಿಗೆ ತಂದು ಬಿಟ್ಟ."

"ಕೋಟು?"

"ಅದು ನಾನೇ ಬಿಟ್ಟಿದ್ದು." ಅವಳು ಮಗುವಿನ ತಲೆಯ ಮೇಲೆ ಗಲ್ಲ ಇಟ್ಟಳು. "ಸತ್ತೋದ್ಲು ಅಂದ್ಕೊಂಡ್ರೆ ಹುಡುಕಲ್ಲ ಅಂತ. ಇನ್ನೊಬ್ಬರ ತಲೆಗೆ ಬರುತ್ತೆ ಅಂತ ದೇವರಾಣೆ ನಂಗೆ ಹೊಳೀಲಿಲ್ಲ, ಡೀಲಿಯಕ್ಕ."

"ಮಗುಗೆ ಕೆಮ್ಮು ನಿಂತ ತಕ್ಷಣ ಲಿವರ್‌ಪೂಲ್ ಹಡಗು ಹತ್ತಿಸೋಣ ಅಂತಿದ್ವಿ," ಎಂದರು ಹೊನೋರಾ. "ಅಲ್ಲಿ ನನ್ನ ತಂಗಿ ಇದ್ದಾಳೆ. ಹೀಗೆ ಕೆಮ್ಮೋ ಮಗುನ ಎತ್ಕೊಂಡು ಹಡಗಿಗೆ ಹೋದ್ರೆ ಎಲ್ಲರ ಕಣ್ಣೂ ಇವರ ಮೇಲೇ. ಬಿಸಿನೀರಿನ ಹಬೆ ಕೊಟ್ಟು ಕೊಟ್ಟು ಈಗ ಸ್ವಲ್ಪ ವಾಸಿ. ಇನ್ನು ನಾಲ್ಕು ದಿನ ಸಾಕು."

"ಮ್ಯಾಲಕಿಗೆ ನಾಲ್ಕು ದಿನ ಇಲ್ಲ, ಮಿಸ್ ಟೂಹಿ."

"ಗೊತ್ತು ಕಣೇ!" ಅವರ ದನಿ ಒಡೆಯಿತು. "ಅವನ ಊಟದ ಡಬ್ಬಿ ತಗೊಂಡು ಠಾಣೆಗೆ ಹೋಗಿದ್ದೆ. 'ಸಿಲಿಂಡರಿನ ಬೋಲ್ಟು ಬಿಗಿ ಇದೆಯಾ' ಅಂತ ಕೇಳಿದ. ಅಷ್ಟೇ. ಬಾಯಿ ಬಿಡಲ್ಲ ಅಂತ ನಂಗೆ ಹಾಗೆ ಹೇಳಿದ್ದು ಅವನು."

ಅದು ಮ್ಯಾಲಕಿಯೇ. ನನಗೆ ಅವನ ದನಿ ಕಿವಿಯಲ್ಲೇ ಕೇಳಿದಂತಾಯಿತು.

ಕಾರ್ಮೆಲ್ ಎದ್ದು ನಿಂತಳು. "ನಾನೇ ಠಾಣೆಗೆ ಹೋಗ್ತೀನಿ. ಬದುಕಿದೀನಿ ಅಂತ ತೋರಿಸ್ತೀನಿ."

"ತೋರಿಸಿದ ಅರ್ಧ ಗಂಟೆಗೆ ಡೋನಲ್ ಬಾಗಿಲಲ್ಲಿ ಇರ್ತಾನೆ," ಎಂದರು ಹೊನೋರಾ. "ಮಗು ಅವನದೂ ಹೌದು. ಎತ್ಕೊಂಡು ಹೋದ್ರೆ ಯಾರು ತಡೀತಾರೆ?"

"ಹಾಗಂತ ಆ ಮನುಷ್ಯ ನನಗೋಸ್ಕರ ಜೈಲಿಗೆ ಹೋಗಬೇಕಾ?"

ಇಬ್ಬರ ಮಾತೂ ಸರಿ. ಅದೇ ಕಷ್ಟ. ಆದರೆ ನನ್ನ ಹತ್ತಿರ ದಾರಿ ಇತ್ತು, ಅದನ್ನು ಹೇಳುವಾಗ ಸ್ವಲ್ಪ ಹೆಮ್ಮೆಯೂ ಇತ್ತು.

"ಇಬ್ಬರೂ ಸುಮ್ನಿರಿ. ಠಾಣೆಗೆ ಹೋಗೋದೇ ಬೇಡ. ಫಿಂಟನ್ ಆರಕ್ಕೆ ಇಲ್ಲಿಗೇ ಬರ್ತಾನೆ. ಒಳಗೆ ಕರೆದು ಕಾರ್ಮೆಲ್‌ನ ತೋರಿಸೋಣ. ಅವನೊಬ್ಬನಿಗೆ ಗೊತ್ತಾದ್ರೆ ಸಾಕು, ಮ್ಯಾಲಕಿನ ಬಿಡ್ತಾನೆ, ಡೋನಲ್‌ಗೆ ಉಸಿರೂ ಬಿಡಲ್ಲ. ನಾನು ಬೆಳೆಸಿದ ಹುಡುಗ ಅವನು. ನನ್ನ ಮಾತು ಮೀರಲ್ಲ."

ನಾನು ಸಂತೋಷವನ್ನು ನಿರೀಕ್ಷಿಸಿದ್ದೆ. ಕಾರ್ಮೆಲ್ ಹೊನೋರಾರ ಮುಖ ನೋಡಿದಳು. ಹೊನೋರಾ ನೆಲ ನೋಡಿದರು.

"ಅವನು ಬೇಡ, ಡೀಲಿಯಾ."

"ಯಾಕೆ? ನಿಮ್ಮ ಕೈಯಲ್ಲೇ ಹುಟ್ಟಿದವನು!"

"ಹೌದು. ನನ್ನ ಕೈಯಲ್ಲೇ ಹುಟ್ಟಿದ್ದು. ಅವನು ಬೇಡ."

ಕೋಪ ಬಂತು ನನಗೆ. ಏನೋ ಹೇಳಲು ಬಾಯಿ ತೆರೆದೆ. ಆಗ ನಮ್ಮ ನೆತ್ತಿಯ ಮೇಲೆ, ಎರಡು ಮಹಡಿಯಾಚೆ ಅಟ್ಟದಲ್ಲಿ, ಸದ್ದು ಶುರುವಾಯಿತು.

ಹಿಸ್ಸೆಂದು ಮೊದಲು ಸಣ್ಣಗೆ, ಆಮೇಲೆ ನೀರಿನ ಮೇಲೆ ನೀರು ಬೀಳುವ ದಪ್ಪ ಸದ್ದು. ತಣ್ಣೀರಿನ ಟ್ಯಾಂಕಿನಲ್ಲಿ ಮಟ್ಟ ಇಳಿದು, ತೇಲುವ ಚೆಂಡು ಕೆಳಗೆ ಬಂದು, ನಲ್ಲಿ ತೆರೆದುಕೊಂಡಿತ್ತು. ಮನೆ ಮನೆಗೂ ಇರುವ ಸದ್ದು, ಯಾರೂ ಕಿವಿಗೊಡುವುದಿಲ್ಲ. ನಾನು ಕಿವಿಗೊಟ್ಟೆ. ಅಡುಗೆಮನೆಯ ತಣ್ಣೀರು ರಸ್ತೆಯ ಪೈಪಿನಿಂದ ನೇರ ಬರುತ್ತದೆ, ಹೊನೋರಾ ಕೆಟಲ್ ತುಂಬಿದರೆ ಅಟ್ಟದ ಟ್ಯಾಂಕಿಗೆ ಅದು ತಿಳಿಯುವುದೂ ಇಲ್ಲ. ಅದು ಇಳಿಯಬೇಕಾದರೆ ಬಿಸಿನೀರಾದರೂ ಹರಿಯಬೇಕು, ಇಲ್ಲ ಯಾರಾದರೂ ಸ್ನಾನದ ಮನೆಯಲ್ಲಿರಬೇಕು.

ಹೊನೋರಾ ನನ್ನೆದುರಿಗಿದ್ದರು. ಕಾರ್ಮೆಲ್ ಇದ್ದಳು, ಅವಳ ಸೊಂಟದ ಮೇಲೆ ಎಂಡಾ ಇದ್ದ. ಮೂರು ತಲೆ, ಮೂವತ್ತು ಗ್ಯಾಲನ್.

ಮ್ಯಾಲಕಿ ನಲವತ್ತು ಬರೆದಿದ್ದ.

"ಮೇಲೆ ಯಾರಿದ್ದಾರೆ?"

ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು, ನಿಧಾನವಾಗಿ ಇಳಿದು ಬರುತ್ತಿತ್ತು.

"ಕಾರ್ಮೆಲ್, ಹಬೆಗೆ ತೊಟ್ಟಿ ತುಂಬಿಸಿದೀನಿ. ಎಂಡಾನ ಕರ್ಕೊಂಡು..."

ಬಾಗಿಲಿಗೆ ಬಂದವಳು ನನ್ನನ್ನು ಕಂಡು ಅಲ್ಲೇ ನಿಂತಳು. ಎಡ ಮುಂಗೈಗೆ ಬಿಳಿ ಪಟ್ಟಿ, ಬೆರಳ ತುದಿಯವರೆಗೆ.

"ಡಿಂಪ್ನಾ?" ಎಂದೆ. "ನೀನು ಗಾಲ್ವೇಲಿ..."

"ಅಮ್ಮ ಚೆನ್ನಾಗೇ ಇದ್ದಾರೆ, ಅತ್ತೆ."

ಅವಳು ಬಂದು ನನ್ನ ಪಕ್ಕ ನಿಂತಳು. ಸಿಟ್ಟು ಮಾಡಲಿಲ್ಲ, ಅದೇ ನನಗೆ ತಡೆಯಲಾಗಲಿಲ್ಲ.

"ಫಿಂಟನ್ ಕೈ ಮಾಡ್ತಾನೆ ಅಂತ ನಿಮಗೆ ಎರಡು ಸಲ ಹೇಳಿದ್ದೆ," ಎಂದಳು. "ಕ್ರಿಸ್‌ಮಸ್ಸಲ್ಲಿ ಒಂದು ಸಲ, ಆಮೇಲೆ ಅಂಗಡೀಲಿ ಒಂದು ಸಲ. ಅವನಪ್ಪನ ಕೋಪ ಅವನಿಗೆ ಬಂದಿದೆ, ಬೇಗ ಬರುತ್ತೆ, ಬೇಗ ಹೋಗುತ್ತೆ, ನೀನು ಸ್ವಲ್ಪ ಸಹಿಸ್ಕೋ ಅಂದ್ರಿ. ಈ ಕೈ ಮುರಿದ ರಾತ್ರಿ ನಿಮ್ಮ ಮನೆ ಕಡೆಗೇ ಹೊರಟಿದ್ದೆ. ಗೇಟಿನ ತನಕ ಬಂದೆ. ಆಮೇಲೆ ಇಲ್ಲಿಗೆ ನಡ್ಕೊಂಡು ಬಂದೆ."

ಹಾಗೆಂದದ್ದು ನಿಜ. ಅಂಗಡಿಯಲ್ಲಿ ಹೇಳುವಾಗ ನಾನು ತಲೆಯೆತ್ತಿರಲಿಲ್ಲ, ಯಾರದೋ ಬಿಲ್ಲು ಬರೆಯುತ್ತಿದ್ದೆ. ನನ್ನ ಮನೆಯ ಗೇಟಿನಿಂದ ಈ ಮನೆಗೆ ನಾಲ್ಕು ಮೈಲಿ. ಮುರಿದ ಕೈ ಹಿಡಿದುಕೊಂಡು ಆ ನಾಲ್ಕು ಮೈಲಿ ಅವಳನ್ನು ನಡೆಸಿದವಳು ನಾನು. ನಾಚಿಕೆಯಿಂದ ನನಗೆ ಅವಳ ಮುಖ ನೋಡಲಾಗಲಿಲ್ಲ. ಅವಳ ಒಳ್ಳೆಯ ಕೈಯನ್ನು ಹಿಡಿದುಕೊಂಡೆ. ಅವಳು ಬಿಡಿಸಿಕೊಳ್ಳಲಿಲ್ಲ.

"ನನಗೆ ಗೊತ್ತಿರಲಿಲ್ಲ ಅಂತ ಹೇಳಲ್ಲ ಕಣೇ," ಎಂದೆ. "ಗೊತ್ತು ಮಾಡ್ಕೋಬೇಕು ಅನ್ನಿಸಿರಲಿಲ್ಲ."

ಹೊರಗೆ ಕಾರು ನಿಂತಿತು.

ಗೋಡೆಯ ಗಡಿಯಾರ ನೋಡಿದೆ. ಆರಕ್ಕೆ ಇನ್ನೂ ಹತ್ತು ನಿಮಿಷ. ಕಾರಿನ ಬಾಗಿಲು ಮುಚ್ಚಿದ ಸದ್ದಾಯಿತು, ಆಮೇಲೆ ಗೇಟು ಕಿರುಗುಟ್ಟಿತು.

"ಮೇಲೆ ಹೋಗಿ. ಮೂವರೂ," ಎಂದರು ಹೊನೋರಾ. ಕಾರ್ಮೆಲ್ ಮಗುವಿನ ಮುಖವನ್ನು ಎದೆಗೆ ಒತ್ತಿಕೊಂಡು ಓಡಿದಳು, ಹಿಂದೆ ಡಿಂಪ್ನಾ. ನಾನು ಬನಿಯನ್ನನ್ನು ಕೈಚೀಲಕ್ಕೆ ತುರುಕಿದೆ, ಚೀಟಿಯನ್ನೂ. ಎಲ್ಲ ಸರಿಯಾಯಿತು ಎಂದುಕೊಳ್ಳುವಷ್ಟರಲ್ಲಿ ಮತ್ತೆ ಕಿವಿಗೆ ಬಿತ್ತು.

ಟ್ಯಾಂಕ್ ಇನ್ನೂ ತುಂಬುತ್ತಿತ್ತು.

ಅರವತ್ತು ಗ್ಯಾಲನ್‌ದು. ತೊಟ್ಟಿ ತುಂಬ ನೀರು ಇಳಿದ ಮೇಲೆ ಮತ್ತೆ ತುಂಬಲು ಕಾಲು ಗಂಟೆ ಬೇಕು, ಅಷ್ಟು ಹೊತ್ತೂ ಅದು ಸುಮ್ಮನಿರುವುದಿಲ್ಲ. ನಾನು ಸಿಂಕಿನ ಕೆಳಗೆ ಮಂಡಿಯೂರಿ, ರಸ್ತೆಯಿಂದ ಬರುವ ನೀರನ್ನು ನಿಲ್ಲಿಸುವ ದೊಡ್ಡ ನಲ್ಲಿಯನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿದೆ. ಕದಲಲಿಲ್ಲ. ಅದು ಹಿಡಿದುಕೊಂಡಿದೆ, ಬದಲಾಯಿಸಿ ಎಂದು ಮ್ಯಾಲಕಿ ಹತ್ತು ವರ್ಷದಿಂದ ಎಲ್ಲರಿಗೂ ಹೇಳುವ ಮಾತನ್ನು ಈ ಮುದುಕಿಗೂ ಹೇಳಿರಬೇಕು.

ಬಾಗಿಲು ಬಡಿದ ಸದ್ದು.

"ಮಿಸ್ ಟೂಹಿ? ಅತ್ತೆ ಇದ್ದಾರಾ?"

ಹೊನೋರಾ ನನ್ನನ್ನು ನೋಡಿದರು. ನಾನು ಎದ್ದು ಮಂಡಿ ಒರೆಸಿಕೊಂಡು ಕುರ್ಚಿಯಲ್ಲಿ ಕುಳಿತೆ. ಅವರು ಎರಡು ಕಪ್ಪಿಗೆ ಚಹಾ ಬಗ್ಗಿಸಿಟ್ಟು ಹೋಗಿ ಅಗುಳಿ ತೆಗೆದರು.

ಫಿಂಟನ್ ಟೋಪಿ ಕೈಯಲ್ಲಿ ಹಿಡಿದು ಒಳಗೆ ಬಂದ. ಬಾಗಿಲಿಗೆ ತಲೆ ತಾಗೀತೆಂದು ಬಗ್ಗಿ ಬರುವಷ್ಟು ಎತ್ತರ. ನನ್ನನ್ನು ಕಂಡ ಕೂಡಲೇ ನಕ್ಕ, ಏಳು ವರ್ಷದವನಾಗಿದ್ದಾಗ ನಗುತ್ತಿದ್ದಂತೆಯೇ.

"ಸ್ವಲ್ಪ ಮುಂಚೆ ಬಂದೆ. ಟ್ಯಾಂಕ್ ಸೋರೋದು ನಿಂತಿತಾ, ಅತ್ತೆ?"

"ನಿಂತಿತು ಕಣೋ."

ಅವನು ಮೇಜಿನ ಮೇಲಿನ ಎರಡು ಕಪ್ಪು ನೋಡಿದ. ನನ್ನನ್ನು, ಹೊನೋರಾರನ್ನು ನೋಡಿದ. ಆಮೇಲೆ ತಲೆಯನ್ನು ಸ್ವಲ್ಪ ಓರೆ ಮಾಡಿದ. ಮಳೆಯ ದಿನಗಳಲ್ಲಿ ಅವನನ್ನು ಕೌಂಟರಿನ ಮೇಲೆ ಕೂರಿಸಿಕೊಂಡು ಯಾವ ನಲ್ಲಿಯ ನೀರು ಎಲ್ಲಿಂದ ಬರುತ್ತದೆ, ಅಟ್ಟದಲ್ಲಿ ಯಾವಾಗ ಸದ್ದಾಗುತ್ತದೆ ಎಂದು ಪೈಪಿನ ತುಂಡು ಜೋಡಿಸಿ ಆಟವಾಡಿಸಿ ಕಲಿಸಿದವಳು ನಾನೇ. ಹುಡುಗ ಚುರುಕು, ಒಮ್ಮೆ ಹೇಳಿದ್ದನ್ನು ಮರೆತವನಲ್ಲ.

ನಗು ಹಾಗೇ ಇತ್ತು. ಕಣ್ಣು ಚಾವಣಿಗೆ ಹೋಯಿತು.

"ಅತ್ತೆ," ಎಂದ ಮೆಲ್ಲಗೆ. "ನೀವಿಬ್ಬರೂ ಇಲ್ಲೇ ಕೂತಿದ್ದೀರಿ. ಮತ್ತೆ ಮೇಲೆ ಟ್ಯಾಂಕ್ ಯಾಕೆ ತುಂಬ್ತಾ ಇದೆ?"